ಇಂಜಿನ್ ಮಿಸ್ಸಿಂಗ್: ಮೊದಲು ಸಿಲಿಂಡರ್ ಹಿಡಿಯಿರಿ, ಪಾರ್ಟು ಆಮೇಲೆ

ಹಳೆ ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ನಡುಗುತ್ತಿದೆ ಎಂದ ಕೂಡಲೇ ಕಿಡಿ ಹಾರಿಸುವ ಪ್ಲಗ್, ಅದರ ವೈರ್, ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಮೂರನ್ನೂ ಒಟ್ಟಿಗೆ ಬದಲಿಸಿಬಿಡುವುದುಂಟು. ದುಡ್ಡು ಹೋಗುತ್ತದೆ, ಎಷ್ಟೋ ಸಲ ಮಿಸ್ಸಿಂಗ್ ಮಾತ್ರ ಅಲ್ಲೇ ಇರುತ್ತದೆ. ಯಾವ ಸಿಲಿಂಡರ್ ಸತ್ತಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ.

ಮಿಸ್ಸಿಂಗ್ ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸಿ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಇಂಜಿನ್ ಓಡುವಾಗ) ನಡುಗಿ, ವೇಗದಲ್ಲಿ ಸರಿಹೋದರೆ ಎಲ್ಲೋ ಗಾಳಿ ಸೋರುತ್ತಿರಬಹುದು, ಇಲ್ಲವೇ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಏರು ಹತ್ತುವಾಗ ಮಾತ್ರ ಬಂದರೆ ಸ್ಪಾರ್ಕ್ ಬಲಹೀನ: ಲೋಡ್ ಬಿದ್ದಾಗ ಸಿಲಿಂಡರಿನ ಒತ್ತಡ ಹೆಚ್ಚುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲ್ ಫಿಲ್ಟರ್ ಕಟ್ಟಿದ್ದರೂ ಹೀಗೇ ಆಗುತ್ತದೆ. ಮಳೆಗಾಲದ ಬೆಳಗ್ಗೆ ಮಾತ್ರ ಬರುವ ಮಿಸ್ಸಿಂಗ್ ಬಹುಮಟ್ಟಿಗೆ ಪ್ಲಗ್ ವೈರಿನದು ಅಥವಾ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನದು. ಕತ್ತಲಲ್ಲಿ ಬಾನೆಟ್ ಎತ್ತಿ, ಇಂಜಿನ್ ಓಡುವಾಗ ವೈರ್‌ಗಳ ಮೇಲೆ ನೀರು ಸಿಂಪಡಿಸಿದರೆ ಸೋರುವ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ.

ಈಗ ಸಿಲಿಂಡರ್. ಇಂಜಿನ್ ದೋಷವನ್ನು ಕಾರಿನ ಕಂಪ್ಯೂಟರೇ ಕೋಡ್ ಆಗಿ ದಾಖಲಿಸುವ ಓಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾದದ್ದು 2013ರ ಏಪ್ರಿಲ್‌ನಲ್ಲಿ. ಆಮೇಲಿನ ಕಾರಾದರೆ ಸ್ಕ್ಯಾನರ್ ಹಾಕಿ ಕೋಡ್ ಓದಿ. ಪಿ0302 ಎಂದರೆ ಎರಡನೇ ಸಿಲಿಂಡರ್, ಪಿ0300 ಎಂದರೆ ಇಂಥದ್ದೇ ಸಿಲಿಂಡರ್ ಎಂದು ಹೇಳಲಾಗದ ಮಿಸ್ಸಿಂಗ್. ಅದಕ್ಕಿಂತ ಹಳೆಯ ಇಂಜೆಕ್ಷನ್ ಕಾರಿನಲ್ಲಿ ಇಂಜಿನ್ ನಿಲ್ಲಿಸಿ ಒಂದು ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕನೆಕ್ಟರ್ ತೆಗೆದು ಸ್ಟಾರ್ಟ್ ಮಾಡಿ, ಹೀಗೆ ಒಂದೊಂದಾಗಿ ನೋಡುತ್ತ ಹೋಗಿ. ನಡುಕ ಹೆಚ್ಚಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸ ಆಗದಿದ್ದರೆ ಸತ್ತದ್ದು ಅದೇ. ಮಾರುತಿ 800ರಂಥ ಮೂರು ಸಿಲಿಂಡರಿನ ಇಂಜಿನ್ನಲ್ಲಿ ವ್ಯತ್ಯಾಸ ಸ್ಟೀರಿಂಗಿಗೇ ತಟ್ಟುತ್ತದೆ. ಓಡುವ ಇಂಜಿನ್ನಿನ ಪ್ಲಗ್ ವೈರ್ ಎಳೆದು ನೋಡುವ ಹಳೆ ಪದ್ಧತಿ ಬೇಡ. ಶಾಕ್ ಹೊಡೆಯುತ್ತದೆ, ಕಾಯಿಲ್ ಸುಡಬಹುದು, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ನಾಲ್ಕು ಸಿಲಿಂಡರಿನಲ್ಲಿ 1 ಮತ್ತು 4, ಅಥವಾ 2 ಮತ್ತು 3 ಒಟ್ಟಿಗೆ ಸತ್ತಿದ್ದರೆ, ಎರಡಕ್ಕೊಂದು ಕಾಯಿಲ್ ಇರುವ ಕಾರುಗಳಲ್ಲಿ ಅನುಮಾನ ಕಾಯಿಲ್ ಮೇಲೆ.

ಇಂಜಿನ್ ತಣ್ಣಗಾದ ಮೇಲೆ ಆ ಸಿಲಿಂಡರಿನ ಪ್ಲಗ್ ಬಿಚ್ಚಿ. ತಿಳಿ ಕಂದು ಬಣ್ಣ ಸರಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಸ್ಪಾರ್ಕ್ ಇಲ್ಲ, ಎಣ್ಣೆ ಮೆತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಉಳಿದವು ಕಂದಾಗಿದ್ದು ಇದೊಂದೇ ತೊಳೆದಂತೆ ಬೆಳ್ಳಗಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು, ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ನೋಡಿಸಿ. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದ ಜಾರುತ್ತಿದೆ. ಪ್ಲಗ್ ಜೊತೆ ರಬ್ಬರ್ ಕ್ಯಾಪ್ ಇರುವ ವೈರನ್ನೂ ಬದಲಿಸದಿದ್ದರೆ ಗೆರೆ ಮತ್ತೆ ಬೀಳುತ್ತದೆ.

ಇಷ್ಟರಲ್ಲಿ ತಿಳಿಯದಿದ್ದರೆ ಅದಲುಬದಲು ಮಾಡಿ. ಸತ್ತದ್ದು ಎರಡನೇ ಸಿಲಿಂಡರ್ ಎನ್ನಿ, ಅದರ ಪ್ಲಗ್ ಮೂರಕ್ಕೆ, ಮೂರರದು ಎರಡಕ್ಕೆ ಹಾಕಿ. ಮಿಸ್ಸಿಂಗ್ ಮೂರಕ್ಕೆ ಹೋದರೆ ತಪ್ಪು ಪ್ಲಗ್ಗಿನದು. ಹೋಗದಿದ್ದರೆ ವೈರ್ ಅಥವಾ ಕಾಯಿಲ್, ಆಮೇಲೆ ಇಂಜೆಕ್ಟರ್. ಒಂದು ಸಲಕ್ಕೆ ಒಂದೇ, ಎರಡು ಬದಲಿಸಿದರೆ ಪರೀಕ್ಷೆ ಕೆಟ್ಟಂತೆ. ಇಂಜೆಕ್ಟರ್ ಮೇಲೆ ಉದ್ದ ಸ್ಕ್ರೂಡ್ರೈವರ್ ಇಟ್ಟು ಹಿಡಿ ಕಿವಿಗಾನಿಸಿದರೆ ಟಿಕ್‌ಟಿಕ್ ಕೇಳಬೇಕು; ಇಂಜೆಕ್ಟರನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಸಾಮಾನ್ಯವಾಗಿ 12ರಿಂದ 16 ಓಮ್ ಬರುತ್ತದೆ. ಹೊಸ ಪ್ಲಗ್ಗಿನ ಗ್ಯಾಪನ್ನು (ಕಿಡಿ ಹಾರುವ ಸಂದು) ಕಾರಿನ ಮ್ಯಾನ್ಯುಯಲ್ ನೋಡಿ ಫೀಲರ್ ಗೇಜಿನಲ್ಲಿ ಅಳೆಯಿರಿ. ಕೈಯಿಂದಲೇ ತಿರುಗಿಸಿ ಕೂರಿಸಿ, ವಾಷರ್ ಇರುವ ಹೊಸ ಪ್ಲಗ್ಗಾದರೆ ಪಾನಾದಿಂದ ಇನ್ನು ಅರ್ಧ ಸುತ್ತು ಸಾಕು. ಅಲ್ಯೂಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಹೋದರೆ ಪ್ಲಗ್ಗಿನ ಹತ್ತರಷ್ಟು ಖರ್ಚು.

ಸ್ಪಾರ್ಕ್, ಪೆಟ್ರೋಲ್ ಎರಡೂ ಸರಿ ಇದ್ದರೆ ಉಳಿದದ್ದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ. ಎಲ್ಲ ಪ್ಲಗ್ ಬಿಚ್ಚಿ, ಫ್ಯೂಯೆಲ್ ಪಂಪ್ ಫ್ಯೂಸ್ ಮತ್ತು ಕಾಯಿಲ್ ಕನೆಕ್ಟರ್ ತೆಗೆದು, ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರಿನಿಂದ ಇಂಜಿನ್ನನ್ನು ಐದಾರು ಸುತ್ತು ತಿರುಗಿಸಿ ಗೇಜ್ ನೋಡಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಕಾಲುಭಾಗ ಕಡಿಮೆ ಇದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್, ಅಕ್ಕಪಕ್ಕದ ಎರಡೂ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್.

ವಾಲ್ವ್ ಎಂದು ಬಂದರೂ ತಕ್ಷಣ ಹೆಡ್ ಇಳಿಸಲು ಒಪ್ಪಬೇಡಿ. ಗ್ಯಾಸ್ ಕಿಟ್ ಹಾಕಿ ಓಡಿಸಿದ ಕಾರುಗಳಲ್ಲಿ ವಾಲ್ವ್ ಸೀಟ್ ಸವೆದು ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಮುಚ್ಚಿಹೋಗಿರುತ್ತದೆ, ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಟ್ಯಾಪೆಟ್ ಸೆಟ್ ಮಾಡಿಸಿ ಕಂಪ್ರೆಷನ್ ಇನ್ನೊಮ್ಮೆ ಅಳೆಯಿರಿ. ಆಗಲೂ ಏರದಿದ್ದರೆ ಮಾತ್ರ ಹೆಡ್ ಇಳಿಸಿ.