ದೂರದ ಸರ್ವರ್‌ನಲ್ಲಿ ಡ್ರೂಯಿಡ್ ಹೀಲರ್: ಕಾಸರಗೋಡಿನ ಆಟಗಾರರಿಗೆ

ಇಲ್ಲಿ ಹೇಳುವುದು ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನ ಮೂಲ ಆವೃತ್ತಿಗೆ, 60ನೇ ಲೆವೆಲ್ಲಿನ, ಜತೆಗಾರರ ಹೆಲ್ತ್ (ಪ್ರಾಣಬಲ) ತುಂಬುವ ರೆಸ್ಟೊರೇಶನ್ ಡ್ರೂಯಿಡ್‌ಗೆ.

ಡ್ರೂಯಿಡ್‌ನ ಮದ್ದು ನಮ್ಮ ಸುರಂಗದ ನೀರಿನ ಹಾಗೆ, ಧುಮುಕುವುದಿಲ್ಲ, ಒಸರುತ್ತದೆ. ರಿಜುವನೇಶನ್ ಎಂಬ ಹೀಲ್ 12 ಸೆಕೆಂಡ್ ಇರುತ್ತದೆ, 3 ಸೆಕೆಂಡಿಗೊಮ್ಮೆ ಹೆಲ್ತ್ ಕೊಡುತ್ತದೆ. ಹಾಕಿದ ಕೂಡಲೇ ಏನೂ ಸಿಗದು. ಟ್ಯಾಂಕಿನ, ಅಂದರೆ ಮುಂದೆ ನಿಂತು ಏಟು ತಿನ್ನುವವರ, ಹೆಲ್ತ್ ಅರ್ಧಕ್ಕೆ ಇಳಿದ ಮೇಲೆ ಹಾಕಿದರೆ ತಡವಾಯಿತು. ಹಾಗಂತ ಶತ್ರುಗಳು ಓಡಿ ಬರುವಾಗಲೇ ಹಾಕಬೇಡಿ: ಟ್ಯಾಂಕ್ ಇನ್ನೂ ಮುಟ್ಟದ ಶತ್ರುಗಳೆಲ್ಲ ಹೀಲ್ ಮಾಡಿದವರ ಮೇಲೆಯೇ ಎರಗುತ್ತವೆ. ಒಂದೆರಡು ಏಟು ಬೀಳಲಿ, ಆಮೇಲೆ ಹಾಕಿ. ಮುಗಿಯುವ ಮೊದಲು ಮತ್ತೆ ಹಾಕಿದರೆ ಬಾಕಿ ಉಳಿದದ್ದು ನಷ್ಟ.

ಸ್ವಿಫ್ಟ್‌ಮೆಂಡ್ ಎಂಬ ಮಂತ್ರ ಆ ರಿಜುವನೇಶನನ್ನು ನುಂಗಿ, 12 ಸೆಕೆಂಡಿನ ಪೂರ್ತಿ ಹೆಲ್ತನ್ನು ಒಮ್ಮೆಗೇ ಕೊಡುತ್ತದೆ. ಹಾಗಾಗಿ ತುರ್ತಿಲ್ಲದಿದ್ದರೆ ಕೊನೆಯ 3 ಸೆಕೆಂಡಿನಲ್ಲಿ ಒತ್ತುವುದೇ ಲಾಭ. ಮತ್ತೆ ಸಿಗಲು 15 ಸೆಕೆಂಡ್ ಕಾಯಬೇಕು.

ಟ್ಯಾಂಕಿಗೆ ಮುಖ್ಯ ಹೀಲ್ ಹೀಲಿಂಗ್ ಟಚ್, ಅದರಲ್ಲಿ ಚಿಕ್ಕ ದೊಡ್ಡ ಮಟ್ಟಗಳಿವೆ. ದೊಡ್ಡ ರ್‍ಯಾಂಕ್ ಬಳಸಿ ಮನಾ (ಮಂತ್ರಕ್ಕೆ ಖರ್ಚಾಗುವ ಶಕ್ತಿ) ಸುರಿಯಬೇಡಿ. ರ್‍ಯಾಂಕ್ 4 ಸಾಕು. ಇಂಪ್ರೂವ್ಡ್ ಹೀಲಿಂಗ್ ಟಚ್ ಎಂಬ ಟ್ಯಾಲೆಂಟಿಗೆ (ಪಾಯಿಂಟ್ ಹಾಕಿ ಪಡೆಯುವ ಕೌಶಲ) 5 ಪಾಯಿಂಟ್ ಹಾಕಿದ್ದರೆ ಅದರ ಕಾಸ್ಟ್ (ಮಂತ್ರ ಹಾಕಿ ಮುಗಿಸಲು ಹಿಡಿಯುವ ಸಮಯ) 2.5 ಸೆಕೆಂಡ್. ಏಟು ಬೀಳುವ ಮೊದಲೇ ಶುರು ಮಾಡಿ, ಬೇಡವಾದರೆ ರದ್ದು ಮಾಡಿ. ಕಾಸ್ಟ್ ಮುಗಿದಾಗಲಷ್ಟೇ ಮನಾ ಕಡಿತವಾಗುವುದು. ನಮ್ಮ ಕಡೆ ಎಡವುವುದು ಇಲ್ಲೇ. ಸರ್ವರ್ ದೂರ, ಪಿಂಗ್ (ಸಂದೇಶ ಅಲ್ಲಿಗೆ ಹೋಗಿ ಬರುವ ಸಮಯ) 250 ಮಿಲಿಸೆಕೆಂಡ್ ಇದ್ದರೆ ನಿಮ್ಮ ಪರದೆಯ ಬಾರ್ ನಂಬಿ ಕೊನೆಗಳಿಗೆಯಲ್ಲಿ ರದ್ದು ಮಾಡಿದ್ದು ಅಲ್ಲಿಗೆ ತಲುಪುವುದರೊಳಗೆ ಹೀಲ್ ಆಗಿಬಿಟ್ಟಿರುತ್ತದೆ. ಅರ್ಧ ಸೆಕೆಂಡ್ ಮೊದಲೇ ಕೈಬಿಡಿ. (ಮಳೆಗಾಲದಲ್ಲಿ ಮೋಡೆಮ್‌ಗೂ ಒಂದು ಪುಟ್ಟ ಯುಪಿಎಸ್ ಇರಲಿ, ಇನ್ವರ್ಟರ್ ಬದಲಾಗುವ ಆ ಕ್ಷಣಕ್ಕೇ ಅದು ರೀಸ್ಟಾರ್ಟ್ ಆಗುವುದುಂಟು.)

ಮನಾ ಖರ್ಚಾದ ಮೇಲೆ 5 ಸೆಕೆಂಡ್ ಸ್ಪಿರಿಟ್ ಎಂಬ ಗುಣದಿಂದ ಮನಾ ಬರುವುದಿಲ್ಲ. ರಿಫ್ಲೆಕ್ಷನ್ ಟ್ಯಾಲೆಂಟಿನ 3 ಪಾಯಿಂಟಿಗೆ 15% ಮಾತ್ರ ಜಿನುಗುತ್ತದೆ. ಆದ್ದರಿಂದ ಚೂರುಚೂರಾಗಿ ಹೀಲ್ ಮಾಡುವುದಕ್ಕಿಂತ ಎರಡು ಮೂರು ಒಟ್ಟಿಗೆ ಹಾಕಿ ಸುಮ್ಮನಿರುವುದು ಮೇಲು. ಸುಮ್ಮನಿರಲು ಕಲಿಯುವುದೇ ಹೊಸಬರಿಗೆ ಕಷ್ಟ.

ನೇಚರ್ಸ್ ಸ್ವಿಫ್ಟ್‌ನೆಸ್ (ಮುಂದಿನ ಮಂತ್ರವನ್ನು ಕ್ಷಣದಲ್ಲಿ ಆಗಿಸುವುದು) ಮತ್ತು ಅತಿ ದೊಡ್ಡ ಹೀಲಿಂಗ್ ಟಚ್ ಎರಡನ್ನೂ ಒಂದೇ ಮ್ಯಾಕ್ರೋದಲ್ಲಿ (ಹಲವು ಆಜ್ಞೆ ಕೊಡುವ ಒಂದು ಬಟನ್) ಕಟ್ಟಿಡಿ. 3 ನಿಮಿಷಕ್ಕೊಮ್ಮೆ ಸಿಗುವ ಪ್ರಾಣರಕ್ಷೆ ಅದು. ರೇಡ್‌ನಲ್ಲಿ (ದೊಡ್ಡ ಗುಂಪಿನ ಕಾಳಗ) ಇನ್ನೊಬ್ಬ ಡ್ರೂಯಿಡ್ ಇದ್ದರೆ ಯಾರಿಗೆ ಯಾರು ರಿಜುವನೇಶನ್ ಎಂದು ಮೊದಲೇ ಮಾತಾಡಿಕೊಳ್ಳಿ, ಒಬ್ಬರ ಮೇಲೆ ಎರಡು ನಿಲ್ಲುವುದಿಲ್ಲ. ಶಾಪ, ವಿಷ ಎರಡನ್ನು ನೀವು ತೆಗೆಯಬಹುದು, ಮ್ಯಾಜಿಕ್ ಮತ್ತು ರೋಗ ನಿಮ್ಮ ಕೈಯಲ್ಲಿಲ್ಲ.

ಸತ್ತವರನ್ನು ಎಬ್ಬಿಸಲು ಇರುವುದು ರಿಬರ್ತ್ ಒಂದೇ, ಅದೂ 30 ನಿಮಿಷಕ್ಕೊಮ್ಮೆ. ಚೀಲದಲ್ಲಿ ಐರನ್‌ವುಡ್ ಬೀಜ ಇಲ್ಲದಿದ್ದರೆ ಆ ಬಟನ್ ಬರೀ ಚಂದಕ್ಕೆ.