ಬೊಂಬೆ ಎತ್ತಿಟ್ಟಿರಾ? ಈಗ ಕುಂಡಗಳ ಕಡೆ ಬನ್ನಿ

ದಸರಾ ಬೊಂಬೆ ಎತ್ತಿಟ್ಟ ಮೇಲೆ ದೀಪಾವಳಿಗೆ ಸುಮಾರು ಇಪ್ಪತ್ತು ದಿನ ಇರುತ್ತದೆ. ಚಳಿಗಾಲದ ಕೈತೋಟಕ್ಕೆ ಬೇಕಾದ ಮುಖ್ಯ ಕೆಲಸವೆಲ್ಲ ಆ ಇಪ್ಪತ್ತು ದಿನದಲ್ಲೇ ಆಗಬೇಕು. ನಾನು ಹೇಳುತ್ತಿರುವುದು ಬೆಂಗಳೂರು, ತುಮಕೂರು, ಕೋಲಾರ, ಮೈಸೂರು ಕಡೆಯ ಲೆಕ್ಕ. ಇಲ್ಲಿ ಹಿಮ ಬೀಳುವುದಿಲ್ಲ, ಗಿಡಕ್ಕೆ ಕಂಬಳಿ ಹೊದಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ಯಾರಾದರೂ ಚಳಿಗೆ ಗಿಡ ಸತ್ತಿತು ಅಂದರೆ ನಾನು ಮೊದಲು ಕುಂಡದ ತೂತು ನೋಡುತ್ತೇನೆ. ಹೆಚ್ಚಿನ ಸಲ ಗಿಡವನ್ನು ಕೊಂದಿರುವುದು ನೀರು, ಇಲ್ಲವೇ ನೆರಳು.

ಮೊದಲು ಮಣ್ಣು ನೋಡೋಣ. ಹಸ್ತ, ಚಿತ್ತೆ ಮಳೆ ಹೊಡೆದು ಹೊಡೆದು ಕುಂಡದ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಹಾಕಿದ್ದ ಗೊಬ್ಬರದ ಸಾರವೆಲ್ಲ ತೂತಿನಿಂದ ಹರಿದು ಹೋಗಿರುತ್ತದೆ. ಫಸಲು ಮುಗಿದ ಬೆಂಡೆ, ಸೌತೆ ಬಳ್ಳಿಗಳನ್ನು ಕಿತ್ತುಬಿಡಿ. ಇನ್ನೊಂದು ಕಾಯಿ ಬರಬಹುದು ಅಂತ ಕಾಯಬೇಡಿ, ಬರುವುದಿಲ್ಲ. ಎರಡು ಮೂರು ದಿನ ಬಿಸಿಲು ಸಿಕ್ಕಾಗ ಮಣ್ಣನ್ನು ಟಾರ್ಪಾಲಿನ ಮೇಲೆ ಸುರಿದು ಹರಡಿ, ಹೆಂಟೆ ಒಡೆದು, ಬೇರು, ಗೊಣ್ಣೆಹುಳ ಆರಿಸಿ ತೆಗೆಯಿರಿ. ಆಮೇಲೆ ಎರಡು ಪಾಲು ಹಳೇ ಮಣ್ಣಿಗೆ ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬಿ. ಖಾಲಿ ಕುಂಡದ ತೂತಿಗೆ ಒಂದು ಕಡ್ಡಿ ಆಡಿಸುವುದನ್ನು ಮರೆಯಬೇಡಿ. ಸ್ವಾತಿ, ವಿಶಾಖೆ ಮಳೆ ಇನ್ನೂ ಬಾಕಿ ಇದೆ, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂರು ದಿನ ಜಿಟಿಜಿಟಿ ಅನ್ನುತ್ತಲೇ ಇರುತ್ತದೆ, ಆಗ ತೂತು ಕಟ್ಟಿಕೊಂಡಿದ್ದರೆ ಬೇರು ಕೊಳೆಯುವುದು ಗ್ಯಾರಂಟಿ.

ಈಗ ಯಾರೂ ಅಷ್ಟಾಗಿ ಯೋಚಿಸದ ವಿಷಯಕ್ಕೆ ಬರುತ್ತೇನೆ. ಇದು ದಕ್ಷಿಣಾಯನ, ಅಲ್ವಾ? ಸೂರ್ಯ ದಿನದಿನಕ್ಕೂ ದಕ್ಷಿಣಕ್ಕೆ ಜಾರುತ್ತಾನೆ. ಏಪ್ರಿಲ್‌ನಲ್ಲಿ ನೆತ್ತಿಯ ಮೇಲೆ ಇದ್ದವನು ಡಿಸೆಂಬರ್‌ನಲ್ಲಿ ನಡು ಮಧ್ಯಾಹ್ನವೂ ಓರೆಯಾಗಿಯೇ ಇರುತ್ತಾನೆ. ತಾರಸಿಯ ದಕ್ಷಿಣದ ಕಟ್ಟೆಗೋಡೆ ಮೂರು ಅಡಿ ಎತ್ತರ ಇದ್ದರೆ ಆ ತಿಂಗಳಲ್ಲಿ ಹನ್ನೆರಡು ಗಂಟೆಗೂ ಎರಡು ಅಡಿಗಿಂತ ಜಾಸ್ತಿ ನೆರಳು ಬೀಳುತ್ತದೆ. ಆ ಗೋಡೆಗೆ ಒತ್ತಿಕೊಂಡು ಸಾಲಾಗಿ ಇಟ್ಟ ಕುಂಡಗಳಿಗೆ ದಿನವಿಡೀ ಬಿಸಿಲೇ ಇಲ್ಲ! ನಾನು ಎರಡು ವರ್ಷ ಟೊಮೇಟೊ ಗಿಡಕ್ಕೆ ಗೊಬ್ಬರ ಸುರಿದಿದ್ದೇ ಸುರಿದಿದ್ದು, ಹೂ ಬಿಡದ ಗಿಡವನ್ನು ಬೈದಿದ್ದೇ ಬೈದಿದ್ದು, ಮೂರನೇ ವರ್ಷ ಕುಂಡಗಳನ್ನು ಸುಮ್ನೆ ಉತ್ತರದ ಗೋಡೆಯ ಕಡೆ ಎಳೆದಿಟ್ಟೆ, ಅಷ್ಟಕ್ಕೇ ಕಾಯಿ ಬಿಟ್ಟಿತು. ಹಾಗಾಗಿ ಬಿಸಿಲು ಬೇಕಾದ ತರಕಾರಿ, ಗುಲಾಬಿ ಉತ್ತರದ ಕಡೆಗೆ ಬರಲಿ. ದಕ್ಷಿಣದ ನೆರಳಿಗೆ ಪುದೀನ, ದೊಡ್ಡಪತ್ರೆ ಸಾಕು. ಅಕ್ಕಪಕ್ಕ ಎತ್ತರದ ಮನೆಗಳಿದ್ದರೆ ಒಂದು ಭಾನುವಾರ ಎರಡು ಗಂಟೆಗೊಮ್ಮೆ ಮೇಲೆ ಹೋಗಿ ನೆರಳು ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿ ನೋಡಿ. ಗೆರೆಗಳು ಮುಂದೆ ಇನ್ನೂ ಉದ್ದವಾಗುತ್ತವೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಬಿತ್ತನೆ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ನೇರವಾಗಿ ಕುಂಡಕ್ಕೇ ಬಿತ್ತಬೇಕು. ಸಸಿ ಮಾಡಿ ಕಿತ್ತು ನೆಟ್ಟರೆ ಕ್ಯಾರೆಟ್ ಕವಲೊಡೆದು ಕೈಬೆರಳಿನ ಹಾಗೆ ಬರುತ್ತದೆ. ಕ್ಯಾರೆಟ್‌ಗೆ ಒಂದು ಅಡಿ ಆಳದ ಸಡಿಲ ಮಣ್ಣು ಬೇಕು, ಸುಮಾರು ಮೂರು ತಿಂಗಳ ತಾಳ್ಮೆಯೂ ಬೇಕು. ತಾಳ್ಮೆ ಇಲ್ಲದವರಿಗೆ ಮೂಲಂಗಿ ಇದೆ, 45 ದಿನಕ್ಕೆ ಸಾಂಬಾರಿಗೆ ಬರುತ್ತದೆ. ಮೆಂತ್ಯ ಇನ್ನೂ ಬೇಗ. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲೋ ಲಟ್ಟಣಿಗೆಯಲ್ಲೋ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಹತ್ತು ದಿನ ಏನೂ ಕಾಣಿಸದಿದ್ದರೂ ಮಣ್ಣು ಕೆದಕಬೇಡಿ. ಹೂಕೋಸು, ಎಲೆಕೋಸಿಗೆ ಸಸಿ ತರುವುದೇ ವಾಸಿ. ನಾಲ್ಕು ವಾರದ, ಗಿಡ್ಡನೆಯ, ಗಟ್ಟಿ ಕಾಂಡದ್ದು ನೋಡಿ ತನ್ನಿ. ಒಮ್ಮೆ ಒಂದು ನರ್ಸರಿಯವರು ಉದ್ದುದ್ದ ಬೆಳೆದ ಸಸಿ ಕೊಟ್ಟು ಇದೇ ಒಳ್ಳೇದು ಅಂದರು, ನಂಬಿದೆ. ನಿಂಬೆಹಣ್ಣಿನಷ್ಟು ಹೂ ಬಂತು.

ಬೀನ್ಸ್ ಹಾಕುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ತಳಿ ಚೆನ್ನಾಗಿದೆ. ಪೊದೆಯಂತೆ ಬೆಳೆಯುತ್ತದೆ, ಚಪ್ಪರ ಬೇಡ. ಅವರೆ ವಿಷಯದಲ್ಲಿ ಮಾತ್ರ ಹುಷಾರು. ಸೊಗಡಿನ ಹಳೇ ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಜಾತಿ, ಅದನ್ನು ಮಳೆಗಾಲದಲ್ಲೇ ಬಿತ್ತಿರಬೇಕಿತ್ತು. ಈಗ ಬಿತ್ತಿದರೆ ಬಳ್ಳಿ ಬೆಳೆಯುವ ಮುಂಚೆಯೇ ಹೂ ಬಂದು ನಾಲ್ಕು ಕಾಯಿಗೆ ಮುಗಿಯುತ್ತದೆ. ತಡವಾದವರು ಹೆಬ್ಬಾಳ ಅವರೆ ಹುಡುಕಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿಡ್ಡ ತಳಿ, ಯಾವ ಕಾಲದಲ್ಲಾದರೂ ಹೂ ಬಿಡುತ್ತದೆ. ಸೊಗಡಿನಲ್ಲಿ ನಾಟಿ ಅವರೆಗೆ ಸಮ ಅಲ್ಲ ಅನ್ನುವುದು ನನ್ನ ನಾಲಿಗೆಯ ಅಭಿಪ್ರಾಯ.

ಹೂಗಿಡ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಗುಲಾಬಿ ಸವರಿ. ಒಣಗಿದ ರೆಂಬೆ, ಒಳಮುಖವಾಗಿ ಬೆಳೆದ ರೆಂಬೆ ಎಲ್ಲ ತೆಗೆದು, ಉಳಿದದ್ದನ್ನು ಹೊರಮುಖದ ಕಣ್ಣಿನ (ಚಿಗುರೊಡೆಯುವ ಗಂಟಿನ) ಮೇಲೆ ಓರೆಯಾಗಿ ಕತ್ತರಿಸಿ ತುದಿಗೆ ಅರಿಶಿನ ಕಲಸಿ ಹಚ್ಚಿ. ಒಂದೂವರೆ, ಎರಡು ತಿಂಗಳಿಗೆ ಹೂ. ಸೇವಂತಿಗೆಯ ತುದಿಯನ್ನು ಮಾತ್ರ ಈಗ ಚಿವುಟಬೇಡಿ, ಮೊಗ್ಗೇ ಹೋಗುತ್ತದೆ. ನಾಟಿ ಅವರೆಯ ಹಾಗೆ ಇದಕ್ಕೂ ಉದ್ದನೆಯ ಕತ್ತಲೆ ರಾತ್ರಿ ಬೇಕು. ಬೀದಿದೀಪ ನೇರವಾಗಿ ಬೀಳುವ ಜಾಗದಲ್ಲಿ ಇಟ್ಟರೆ ಗಿಡಕ್ಕೆ ಇನ್ನೂ ಹಗಲು ಉದ್ದ ಇದೆ ಅನ್ನಿಸಿ ಮೊಗ್ಗು ತಡವಾಗುತ್ತದೆ. ಕರಿಬೇವನ್ನು ಡಿಸೆಂಬರ್ ಹತ್ತಿರವಾದಾಗ ಬುಡದವರೆಗೂ ಸವರಬೇಡಿ. ನಾನು ಸವರಿದ್ದೆ, ಚಿಗುರಲಿಲ್ಲ ಅಂತ ಗಾಬರಿಯಾಗಿ ದಿನಾ ನೀರು ಹಾಕಿದೆ, ಆರು ವರ್ಷದ ಗಿಡ ಕೊಳೆತು ಹೋಯಿತು. ಚಳಿಯಲ್ಲಿ ಅದು ನಿದ್ದೆ ಮಾಡುತ್ತದೆ, ಮಾಡಲಿ ಬಿಡಿ.

ಹುಳ. ಮಳೆಗೆ ಬಂದ ದೊಡ್ಡ ಬಸವನಹುಳಗಳಿಗೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಇಟ್ಟು ಸಂಜೆ ಬಿಟ್ಟರೆ ಬೆಳಗ್ಗೆ ಎಲ್ಲವೂ ಅಲ್ಲೇ ಕೂಡಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಿ. ಇಬ್ಬನಿ ಶುರುವಾದ ಮೇಲೆ ಗಿಡದ ಹೇನು, ಬೂದಿ ರೋಗದ ಸರದಿ. ಹೇನಿಗೆ ಒಂದು ಲೀಟರ್ ನೀರಿಗೆ 5 ಮಿಲೀ ಬೇವಿನ ಎಣ್ಣೆ, ಎರಡು ಮೂರು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ, ವಾರಕ್ಕೊಮ್ಮೆ. ಬೂದಿ ರೋಗಕ್ಕೆ ಕುಂಡಗಳ ನಡುವೆ ಗಾಳಿ ಆಡಲು ಜಾಗ ಬಿಡುವುದೇ ದೊಡ್ಡ ಔಷಧ. ಅದರ ಜೊತೆಗೆ ಹತ್ತು ಪಟ್ಟು ನೀರು ಸೇರಿಸಿದ ಹುಳಿ ಮಜ್ಜಿಗೆ ಸಿಂಪಡಿಸಿ.

ನೀರಿನ ಅಭ್ಯಾಸವನ್ನೂ ಬದಲಾಯಿಸಬೇಕು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಸಂಜೆ ಬೇಡ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬುಡಕ್ಕೆ ಮಾತ್ರ. ಬೀದಿಯಲ್ಲಿ ಗುಡಿಸಿಟ್ಟ ತರಗೆಲೆ ತಂದು ಕುಂಡಕ್ಕೆ ಎರಡು ಇಂಚು ಹೊದಿಸಿದರೆ ನೀರು ಇನ್ನೂ ಕಡಿಮೆ ಸಾಕು. ಆದರೆ ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ.

ಕೊನೆಗೆ ಉಳಿಯುವುದು ಮಲ್ಲಿಗೆ. ಇದರ ಕೆಲಸ ದೀಪಾವಳಿ ಕಳೆದ ಮೇಲೆ. ನವೆಂಬರ್‌ನಲ್ಲಿ ನೀರು ನಿಲ್ಲಿಸುತ್ತಾ ಬನ್ನಿ, ತಿಂಗಳ ಕೊನೆಗೆ ಒಂದೂವರೆ ಅಡಿ ಉಳಿಸಿ ಗಿಡವನ್ನು ಸವರಿ ಎಲೆ ಎಲ್ಲ ಉದುರಿಸಿ. ಬೋಳಾದ ಗಿಡ ನೋಡಿ ಮನೆಯವರು ಬೈಯುತ್ತಾರೆ, ನಮ್ಮ ಮನೆಯಲ್ಲಿ ಪ್ರತಿ ವರ್ಷ ಬೈಯುತ್ತಾರೆ. ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಿ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೊಗ್ಗು ಬಿಡಿಸಲು ಅವರೇ ಬಟ್ಟಲು ಹಿಡಿದು ಬರುತ್ತಾರೆ.