ಹಾಳೆ ತಟ್ಟೆ ಹಡಗು ಹತ್ತಿದ ಕತೆ

ಸುಳ್ಯ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಘಟಕ. ಆರು ಪ್ರೆಸ್ಸು, ಹನ್ನೊಂದು ಜನ. ಅಡಿಕೆ ಹಾಳೆಯಿಂದ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಭಾಗದಿಂದ, ತಟ್ಟೆ, ಬಟ್ಟಲು ಮಾಡುತ್ತೇವೆ. 2019ರವರೆಗೆ ನಮ್ಮ ಮಾಲು ಹೋಗುತ್ತಿದ್ದದ್ದು ಮಂಗಳೂರಿನ ಕೇಟರಿಂಗ್‌ನವರಿಗೆ ಮತ್ತು ಬೆಂಗಳೂರಿನ ಎರಡು ಅಂಗಡಿಗಳಿಗೆ. ಈಗ ವರ್ಷಕ್ಕೆ ಮೂರು ಕಂಟೇನರ್ ಜರ್ಮನಿಗೆ ಹೋಗುತ್ತದೆ. ಊರಿನವರು ಕೇಳುವುದು ಒಂದೇ ಪ್ರಶ್ನೆ: "ಪಾರ್ಟಿಯನ್ನು ಎಲ್ಲಿ ಹಿಡಿದಿರಿ ಮಾರಾಯ್ರೆ?"

ಪಾರ್ಟಿ, ಅಂದರೆ ಖರೀದಿದಾರರು, ಸಿಕ್ಕಿದ್ದು ಒಂದು ವಿಡಿಯೋದಿಂದ. ಅದಕ್ಕೂ ಮೊದಲು ಇಪ್ಪತ್ತೈದು ಸಾವಿರ ಕೊಟ್ಟು ವೆಬ್‌ಸೈಟ್ ಮಾಡಿಸಿದ್ದೆ. ಅದನ್ನು ನೋಡಿದವರಲ್ಲಿ ಹೆಚ್ಚಿನವರು ನಮ್ಮ ನೆಂಟರೇ ಇರಬೇಕು. ಆನ್‌ಲೈನ್ ಮಾರಾಟದ ತಾಣಗಳಲ್ಲೂ ದುಡ್ಡು ಕಟ್ಟಿದೆ. ವಿಚಾರಣೆಗಳು ಬಂದವು, ಆದರೆ ಬಹುಪಾಲು ಜನರಿಗೆ ಬೇಕಿದ್ದದ್ದು ಬಿಟ್ಟಿ ಸ್ಯಾಂಪಲ್ಲು. ಹತ್ತು ತಟ್ಟೆಯ ಬೆಲೆಗಿಂತ ಅದನ್ನು ಯುರೋಪಿಗೆ ಕಳಿಸುವ ಕೊರಿಯರ್ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಆಮೇಲೆ ಒಂದು ಉಪಾಯ ಮಾಡಿದೆ. ಸ್ಯಾಂಪಲ್ ಕೇಳಿದವರಿಗೆಲ್ಲ ಮೊದಲು ನಲವತ್ತು ಸೆಕೆಂಡಿನ ವಿಡಿಯೋ ಕಳಿಸುವುದು. ತೋಟದಲ್ಲಿ ಬಿದ್ದ ಹಾಳೆ, ನೀರಿನ ತೊಟ್ಟಿ, ಬ್ರಶ್ ಹಾಕಿ ತೊಳೆಯುವುದು, ಪ್ರೆಸ್ಸಿನಿಂದ ಹೊಗೆಯಾಡುತ್ತಾ ಹೊರಬರುವ ತಟ್ಟೆ. ಸಂಗೀತ ಇಲ್ಲ, ಬರಹ ಇಲ್ಲ. ಬಿಟ್ಟಿ ಕೇಳುವವರು ಅಲ್ಲಿಗೇ ಸುಮ್ಮನಾದರು. ಜರ್ಮನಿಯ ಒಬ್ಬರು ಮಾತ್ರ ತಿರುಗಿ ಕೇಳಿದರು, "ಎಷ್ಟು ಹೊತ್ತು ನೆನೆಸುತ್ತೀರಿ?" ಆಗಲೇ ಅನ್ನಿಸಿತು, ಇವರು ನಿಜವಾಗಿ ಕೊಳ್ಳುವವರು ಎಂದು.

ಕಾಗದಪತ್ರದ ಕೆಲಸಕ್ಕೆ ಜನ ಸುಮ್ನೆ ಹೆದರುತ್ತಾರೆ. ರಫ್ತು ಮಾಡಲು ಬೇಕಾದ ಐಇಸಿ (ಆಮದು-ರಫ್ತು ಕೋಡ್) ನಂಬರನ್ನು ವಿದೇಶ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಡಿಜಿಎಫ್‌ಟಿಯ ತಾಣದಲ್ಲಿ ಮನೆಯಲ್ಲೇ ಕೂತು ಮಾಡಿಸಿದೆ, ಶುಲ್ಕ 500 ರೂಪಾಯಿ. ಅದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ ತೆರೆದು ವಿವರ ಸರಿ ಇದೆ ಎಂದು ಒತ್ತಬೇಕು, ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿ ಕಟ್ಟದೆ ಕಳಿಸಬೇಕಾದರೆ ಪ್ರತಿ ಆರ್ಥಿಕ ವರ್ಷಕ್ಕೂ ಹೊಸ ಎಲ್‌ಯುಟಿ, ಅಂದರೆ ಮುಚ್ಚಳಿಕೆ ಪತ್ರ, ಹಾಕಬೇಕು. ವಿದೇಶದ ಹಣ ಬರುವ ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆಯಾದ ಎಡಿ ಕೋಡನ್ನು ಬಂದರಿನ ಲೆಕ್ಕದಲ್ಲಿ ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು. ನಾನು ಸಿಕ್ಕಿಬಿದ್ದದ್ದು ಇದ್ಯಾವುದರಲ್ಲೂ ಅಲ್ಲ, ನನ್ನ ಹೆಸರಿನಲ್ಲಿ. ಭಟ್ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಪ್ಯಾನ್ ಕಾರ್ಡಿನಲ್ಲಿ ಒಂದು ಟಿ, ಬ್ಯಾಂಕಿನಲ್ಲಿ ಎರಡು ಟಿ. ಆ ಒಂದು ಟಿ ತೆಗೆಸಲು ಮೂರು ವಾರ ಓಡಾಡಿದೆ. ಕಸ್ಟಮ್ಸ್‌ಗೆ ಮಾಲಿನ ವಿವರ ಕೊಡುವ ಶಿಪ್ಪಿಂಗ್ ಬಿಲ್ಲನ್ನು ಮಾತ್ರ ನಾನೇ ಹಾಕಲು ಹೋಗಲಿಲ್ಲ. ಅದಕ್ಕೆ ಮಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟ್ ಇದ್ದಾರೆ, ಅವರ ಫೀಸು ಕೊಟ್ಟು ನೆಮ್ಮದಿಯಾಗಿರುವುದೇ ಲೇಸು.

ಮೊದಲ ಕಂಟೇನರ್ ಹೋದದ್ದು 2021ರ ಜುಲೈಯಲ್ಲಿ. ನಮ್ಮಲ್ಲಿ ಜುಲೈ ಅಂದರೆ ಗೊತ್ತಲ್ಲ, ಗೋಡೆಗೂ ಪಾಚಿ ಹಿಡಿಯುವ ಕಾಲ. ಮಂಗಳೂರಿನ ಪಣಂಬೂರು ಬಂದರಿನಿಂದ ಕೊಲಂಬೊ, ಅಲ್ಲಿ ದೊಡ್ಡ ಹಡಗಿಗೆ ಬದಲಾವಣೆ, ಅಲ್ಲಿಂದ ಹ್ಯಾಂಬರ್ಗ್. ಪೆಟ್ಟಿಗೆ ಬಿಚ್ಚಿದ ದಿನ ವಾಟ್ಸಾಪಿನಲ್ಲಿ ಹನ್ನೆರಡು ಫೋಟೋ ಬಂತು. ಕಟ್ಟಿನ ಮೇಲಿನ ತಟ್ಟೆ ಚೆನ್ನಾಗಿತ್ತು. ನಡುವಿನವುಗಳ ಮೇಲೆ ಬಿಳಿ ಬೂಷ್ಟು, ಕೆಲವು ಕಡೆ ಹಸಿರು. ಅರವತ್ತು ಪೆಟ್ಟಿಗೆ ಹಾಳು. ಅಷ್ಟೂ ಹಣವನ್ನು ಅವರು ಬಿಲ್ಲಿನಲ್ಲಿ ಹಿಡಿದುಕೊಂಡರು.

ಕೈಗೆ ಒಣಗಿದ ಹಾಗೆ ಸಿಕ್ಕುವ ತಟ್ಟೆ ಒಳಗೂ ಒಣಗಿರುತ್ತದೆ ಎಂದಿಲ್ಲ. ಒಣಗಿದ್ದರೂ ಮಳೆಗಾಲದ ಗಾಳಿಯಿಂದ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಕಂಟೇನರ್ ಒಳಗೆ ಹಗಲು ಬಿಸಿ, ರಾತ್ರಿ ತಂಪು. ಆ ತೇವ ಮೇಲಿನ ತಗಡಿಗೆ ಹತ್ತಿ, ಹನಿಯಾಗಿ ಪೆಟ್ಟಿಗೆ ಮೇಲೆ ಬೀಳುತ್ತದೆ. ಇದೆಲ್ಲ ಆಮೇಲೆ ಕಲಿತದ್ದು. ಮರದ ತೇವ ಅಳೆಯುವ ಮೀಟರ್ ತರಿಸಿದೆ, ಎರಡು ಸೂಜಿ ಇರುವಂಥದ್ದು. ತಟ್ಟೆಯ ತಳಕ್ಕೆ ಚುಚ್ಚಿದರೆ ಅಂಕಿ ಬರುತ್ತದೆ. ಶೇ. 8 ದಾಟಿದರೆ ಪ್ಯಾಕ್ ಇಲ್ಲ, ವಾಪಸ್ ಡ್ರೈಯರ್‌ಗೆ. ಇದು ನಮ್ಮ ಅನುಭವದ ಲೆಕ್ಕ, ಪುಸ್ತಕದ್ದಲ್ಲ.

ಅಂಕಿಗಳನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು. ಅಕ್ಕನ ಮಗಳು ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಅವಳು ಮೊಬೈಲಿನಲ್ಲೇ ಗೂಗಲ್ ಶೀಟ್ ಮಾಡಿದಳು, ತಲೆಬರಹ ಎಲ್ಲ ಕನ್ನಡದಲ್ಲಿ: ದಿನಾಂಕ, ಹಾಳೆ ಯಾವ ತೋಟದ್ದು, ನೆನೆಸಿದ್ದು ಎಷ್ಟು ಗಂಟೆ, ಪ್ರೆಸ್ ನಂಬರು, ತೇವ, ಪೆಟ್ಟಿಗೆ ನಂಬರು. ಪ್ಯಾಕಿಂಗ್ ನೋಡುವ ಅಕ್ಕ ಮೊದಲ ವಾರ ನನ್ನನ್ನು ಬೈದರು. "ತಟ್ಟೆ ಒತ್ತುವುದಾ, ಫೋನ್ ಒತ್ತುವುದಾ?" ಈಗ ಶೀಟ್ ತುಂಬದೆ ಪೆಟ್ಟಿಗೆಗೆ ಟೇಪ್ ಹಾಕಲು ಅವರೇ ಬಿಡುವುದಿಲ್ಲ.

ಮುಂದಿನ ವರ್ಷ ಮತ್ತೆ ಒಂದು ದೂರು ಬಂತು, ನಾಲ್ಕು ಪೆಟ್ಟಿಗೆಯಲ್ಲಿ ಬೂಷ್ಟು. ಪೆಟ್ಟಿಗೆ ನಂಬರು ಹಾಕಿ ಶೀಟಿನಲ್ಲಿ ಹುಡುಕಿದೆ. ನಾಲ್ಕೂ ಒಂದೇ ದಿನದ್ದು. ಶನಿವಾರ ಒತ್ತಿದ್ದು, ಸೋಮವಾರ ಬೆಳಿಗ್ಗೆ ಪ್ಯಾಕ್. ಮೀಟರ್ ನೋಡಿದ್ದು ಶನಿವಾರ ಸಂಜೆ. ಭಾನುವಾರ ಕರೆಂಟಿಲ್ಲದೆ ಡ್ರೈಯರ್ ನಿಂತಿತ್ತು, ಮಾಲು ಮತ್ತೆ ತೇವ ಕುಡಿದಿತ್ತು. ಅದೇ ಸಾಲುಗಳನ್ನು ಸ್ಕ್ರೀನ್‌ಶಾಟ್ ತೆಗೆದು, ಟ್ರಾನ್ಸ್‌ಲೇಟ್‌ನಲ್ಲಿ ಜರ್ಮನ್ ಮಾಡಿ ಕಳಿಸಿದೆ. ನಾಲ್ಕು ಪೆಟ್ಟಿಗೆಯ ಹಣ ಮಾತ್ರ ಕಡಿದರು, ಮುಂದಿನ ಆರ್ಡರ್ ದೊಡ್ಡದಾಯಿತು. ಈಗ ಪ್ರತಿ ಕಂಟೇನರ್ ಜೊತೆ ಆ ಶೀಟಿನ ಪ್ರತಿ ಹೋಗಲೇಬೇಕು, ಅವರು ಕೇಳಿ ಪಡೆಯುತ್ತಾರೆ. ವೆಬ್‌ಸೈಟ್ ತಂದುಕೊಡದ ಪಾರ್ಟಿಯನ್ನು ಈ ಶೀಟು ಉಳಿಸಿಕೊಟ್ಟಿತು.

ಒಮ್ಮೆ ದೊಡ್ಡ ಮೊತ್ತ ಕೈತಪ್ಪಿ ಹೋಗುವುದರಲ್ಲಿತ್ತು. ನಮ್ಮ ಕರಾರು ಶೇ. 30 ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ (ಮಾಲು ಹಡಗು ಹತ್ತಿದ್ದಕ್ಕೆ ಹಡಗು ಕಂಪನಿ ಕೊಡುವ ರಶೀದಿ) ಸ್ಕ್ಯಾನ್ ಕಳಿಸಿದ ಮೇಲೆ. ಸ್ಕ್ಯಾನ್ ಕಳಿಸಿದ ಎರಡನೇ ದಿನ ಖರೀದಿದಾರರೇ ಫೋನ್ ಮಾಡಿದರು. "ನಿಮ್ಮ ಹೊಸ ಬ್ಯಾಂಕ್ ಖಾತೆ ಬೇರೆ ದೇಶದಲ್ಲಿದೆಯಲ್ಲ, ಯಾಕೆ?" ನಾನು ಯಾವ ಖಾತೆಯನ್ನೂ ಬದಲಿಸಿರಲಿಲ್ಲ. ಅವರಿಗೆ ಹೋದ ಮೇಲ್ ತರಿಸಿ ನೋಡಿದರೆ ನನ್ನದೇ ಸಹಿ, ನನ್ನದೇ ಇನ್‌ವಾಯ್ಸ್. ಮೇಲ್ ವಿಳಾಸದಲ್ಲಿ ಇಂಗ್ಲಿಷಿನ ಎಮ್ (m) ಇರಬೇಕಾದಲ್ಲಿ ಆರ್ ಮತ್ತು ಎನ್ (rn) ಒತ್ತೊತ್ತಾಗಿ ಬರೆದಿದ್ದರು. ಮೊಬೈಲ್ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತದೆ. ನನ್ನ ಪಾಸ್‌ವರ್ಡ್ ಮಗನ ಹೆಸರು ಮತ್ತು ಹುಟ್ಟಿದ ವರ್ಷ ಆಗಿತ್ತು, ಇನ್ನೇನು ಹೇಳಲಿ. ಅಂದಿನಿಂದ ಎರಡು ಹಂತದ ಲಾಗಿನ್ ಇಟ್ಟಿದ್ದೇನೆ. ಖಾತೆ ನಂಬರ್ ವಿಚಾರ ಏನಿದ್ದರೂ ವಿಡಿಯೋ ಕರೆಯಲ್ಲಿ ಮುಖ ನೋಡಿ ಹೇಳುವುದು, ಮೇಲ್‌ನಲ್ಲಿ ಬಂದದ್ದನ್ನು ನಂಬಬೇಡಿ ಎಂದು ಇನ್‌ವಾಯ್ಸಿನ ಕೆಳಗೇ ಅಚ್ಚು ಹಾಕಿದ್ದೇವೆ.

ಕಂಟೇನರ್ ನಂಬರ್ ಹಾಕಿದರೆ ಹಡಗು ಎಲ್ಲಿದೆ ಎಂದು ಕಾಣುತ್ತದೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ನಮ್ಮ ಮಾಲಿದ್ದ ಹಡಗು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಯಿತು. ಅಪ್ಪ ದಿನಾ ಬೆಳಿಗ್ಗೆ ಪೇಪರ್ ಓದಿದ ಮೇಲೆ ಕೇಳುತ್ತಿದ್ದರು, "ಎಲ್ಲಿ ಉಂಟು ಇವತ್ತು?" ನಕ್ಷೆಯಲ್ಲಿ ಚುಕ್ಕೆ ತೋರಿಸುತ್ತಿದ್ದೆ. ತಡವಾಗುತ್ತದೆ ಎಂದು ನಾನೇ ಮೊದಲೇ ಹೇಳಿದ್ದರಿಂದ ಜರ್ಮನಿಯವರು ಬೇಸರ ಮಾಡಿಕೊಳ್ಳಲಿಲ್ಲ.

ಅಮೆರಿಕಕ್ಕೂ ಕಳಿಸಬೇಕೆಂದು ಸ್ಯಾಂಪಲ್ ಸಿದ್ಧ ಮಾಡಿದ್ದೆ. 2025ರ ಮೇ ತಿಂಗಳಲ್ಲಿ ಒಬ್ಬ ಸ್ನೇಹಿತ ಲಿಂಕ್ ಕಳಿಸಿದ. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು, ಹಾಗಾಗಿ ಹಾಳೆ ತಟ್ಟೆ ಮಾರಬಾರದು ಎಂದು ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತ್ತು. ನಮ್ಮ ಕಡೆ ತಲೆಮಾರುಗಳಿಂದ ಹಾಳೆಯಲ್ಲೇ ಊಟ ಮಾಡಿದವರಿದ್ದಾರೆ ಎಂದು ಹೇಳಬಹುದು, ಆದರೆ ಆ ಮಾತಿಗೆ ಲ್ಯಾಬ್ ರಿಪೋರ್ಟಿನ ತೂಕ ಇಲ್ಲ. ಅಮೆರಿಕದ ಸ್ಯಾಂಪಲ್ ಪೆಟ್ಟಿಗೆ ಆಫೀಸಿನ ಮೂಲೆಯಲ್ಲಿ ಹಾಗೇ ಕೂತಿದೆ. ಜರ್ಮನಿಯವರೂ ಅರೆಕೊಲಿನ್ ಎಂಬ ಅಡಿಕೆಯ ಆಲ್ಕಲಾಯ್ಡ್‌ನ ಪರೀಕ್ಷೆ ಕೇಳಿದ್ದಾರೆ. ಐದು ತೋಟದ ಹಾಳೆಯ ತಟ್ಟೆಗಳನ್ನು ಬೇರೆ ಬೇರೆ ಕಟ್ಟಿ ಲ್ಯಾಬ್‌ಗೆ ಕಳಿಸಿದ್ದೇನೆ. ಅಕ್ಕನ ಮಗಳು ಶೀಟಿನಲ್ಲಿ ಹೊಸ ಕಾಲಮ್ಮೊಂದನ್ನು ತೆರೆದಿಟ್ಟಿದ್ದಾಳೆ, ಸದ್ಯಕ್ಕೆ ಖಾಲಿ ಇದೆ.